ಮನಸ್ಸು ಕಲ್ಲು ಮಾಡ್ಕೋ ಅಂದಿದ್ದರು

ಆ ತಿರುವಿನಲ್ಲಿ ಈಗ ನೋಡಲು ಏನೂ ಇಲ್ಲ. ಮೋರಿಯ ಕಟ್ಟೆಗೆ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದಾರೆ, ಅದರ ಬುಡದಲ್ಲಿ ಹುಲ್ಲು ಎದ್ದಿದೆ. ಹೊರಗಿನವರು ಆ ದಾರಿಯಲ್ಲಿ ಬಂದರೆ ಗೇರ್ ಇಳಿಸಿ ಮುಂದೆ ಹೋಗುತ್ತಾರೆ. ನಾನು ಮಾತ್ರ ಅಲ್ಲಿ ಪ್ರತಿ ಸಲ ಉಸಿರು ಬಿಗಿ ಹಿಡಿಯುತ್ತೇನೆ. ಹಾಗೆ ಹಿಡಿಯುತ್ತೇನೆ ಅಂತ ಗೊತ್ತಾಗುವುದಕ್ಕೇ ನನಗೆ ಆರು ವರ್ಷ ಬೇಕಾಯಿತು.

ಹನ್ನೊಂದು ವರ್ಷ ನಾನು ಆಂಬ್ಯುಲೆನ್ಸ್‌ನಲ್ಲಿ, ಸ್ಟ್ರೆಚರ್ ಪಕ್ಕದ ಸೀಟಿನಲ್ಲಿ ಕೂತು ದುಡಿದವಳು. ಮುಂದೆ ಡ್ರೈವರ್ ಅಣ್ಣ, ಹಿಂದೆ ನಾನು, ನಡುವೆ ಒಂದು ಸಣ್ಣ ಗಾಜಿನ ಕಿಟಕಿ. ನಗರದಲ್ಲಿ ಇದೇ ಕೆಲಸ ಮಾಡುವ ಗೆಳತಿ ಒಮ್ಮೆ ಹೇಳಿದ್ದಳು: 'ಆಸ್ಪತ್ರೆ ಬಾಗಿಲಲ್ಲಿ ಪೇಷಂಟನ್ನ ಒಪ್ಪಿಸಿದ ಮೇಲೆ ಅವರು ಏನಾದ್ರು ಅಂತ ನಮಗೆ ತಿಳಿಯೋದೇ ಇಲ್ಲ ಕಣೇ, ಅದೇ ಬೇಜಾರು.' ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಹಳ್ಳಿಗಾಡಿನಲ್ಲಿ ಎಲ್ಲವೂ ತಿಳಿಯುತ್ತದೆ. ಸ್ಟ್ರೆಚರ್ ಮೇಲೆ ಮಲಗಿದವರು ನಮ್ಮ ಜೊತೆ ಓದಿದವರು, ನಮಗೆ ಪಾಠ ಹೇಳಿದವರು, ಎರಡು ಬೀದಿ ಆಚೆಯವರು. ಬದುಕಿದರೆ ದಾರಿಯಲ್ಲಿ ಸಿಕ್ಕಿ ನಗುತ್ತಾರೆ. ಇಲ್ಲವಾದರೆ ಅವರ ಮನೆಯವರು ಸಿಗುತ್ತಾರೆ.

ತಿರುವಿನ ಆ ಹುಡುಗನ ತಾಯಿ ಮೂರು ವಾರದ ಮೇಲೆ ಸಿಕ್ಕರು. ಬಸ್ಸಿಗೆ ಕಾಯುತ್ತಿದ್ದ ನನ್ನ ಪಕ್ಕ ಬಂದು ನಿಂತು, 'ನೀನೇ ಅಲ್ವೇನಮ್ಮ ಅವತ್ತು ಗಾಡೀಲಿದ್ದಿದ್ದು? ನನ್ನ ಮಗ ಏನಾದ್ರೂ ಅಂದ್ನಾ?' ಎಂದು ಕೇಳಿದರು. ಅವನು ಏನೂ ಅಂದಿರಲಿಲ್ಲ, ಅನ್ನುವ ಸ್ಥಿತಿಯಲ್ಲಿ ಇರಲಿಲ್ಲ. 'ಅಮ್ಮ ಅಂದ' ಎಂದೆ. ಸುಳ್ಳು ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಅವರು ಎದುರಿಗೆ ಸಿಕ್ಕಾಗಲೆಲ್ಲ ಆ ಸುಳ್ಳೂ ಅವರ ಜೊತೆ ನಡೆದು ಬರುತ್ತದೆ.

ಹಳ್ಳಿಗಾಡಿನ ಇನ್ನೊಂದು ಕಷ್ಟ ದೂರ. ಹೃದಯ ನಿಂತವರ ಎದೆ ಒತ್ತುವುದಕ್ಕೆ ಒಂದು ಲೆಕ್ಕ ಇದೆ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ ಕನಿಷ್ಠ 5 ಸೆಂಟಿಮೀಟರ್ ಆಳ, ಪ್ರತಿ 30 ಒತ್ತಿಗೆ 2 ಉಸಿರು. ಒತ್ತುವವರಿಗೆ ಬೇಗ ಸುಸ್ತಾಗುತ್ತದೆ, ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಬದಲಾಗುವುದಕ್ಕೆ ಇನ್ನೊಬ್ಬರು ಎಲ್ಲಿದ್ದಾರೆ? ಇನ್ನೊಬ್ಬರು ಗಾಡಿ ಓಡಿಸುತ್ತಿದ್ದಾರೆ. ಆಸ್ಪತ್ರೆ ಮುಕ್ಕಾಲು ಗಂಟೆ ದೂರದಲ್ಲಿದೆ. ಮೂವತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಶುರು ಮಾಡುವ ಆ ಲೆಕ್ಕ ನನ್ನ ತಲೆಯೊಳಗೆ ಎಷ್ಟು ಕೂತಿತ್ತೆಂದರೆ, ಮನೆಯಲ್ಲಿ ಮೆಟ್ಟಿಲು ಹತ್ತುವಾಗ, ಬಟ್ಟೆ ಹಿಂಡುವಾಗ, ನಿದ್ದೆ ಬಾರದ ರಾತ್ರಿಗಳಲ್ಲಿ ತಾನಾಗಿ ಓಡುತ್ತಿತ್ತು. ಮೂವತ್ತೊಂದು ಅನ್ನುವ ಸಂಖ್ಯೆಯೇ ಮರೆತುಹೋದ ಹಾಗೆ.

ಮೊದಲ ವರ್ಷ ನಾನು ಒಮ್ಮೆ ಗಾಡಿಯ ಹಿಂದೆ ನಿಂತು ಅತ್ತಿದ್ದೆ. ಡ್ರೈವರ್ ಅಣ್ಣ ನೀರಿನ ಬಾಟಲಿ ಕೊಟ್ಟು, 'ಮನಸ್ಸು ಕಲ್ಲು ಮಾಡ್ಕೋ ತಂಗಿ, ಇಲ್ಲಾಂದ್ರೆ ಈ ಕೆಲಸ ಆಗಲ್ಲ' ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೂ ಯಾರೋ ಹಾಗೇ ಹೇಳಿದ್ದರು, ಅವರು ಕಲ್ಲಾಗಿದ್ದರು, ಕಲ್ಲಾಗಿಯೇ ಇಪ್ಪತ್ತು ವರ್ಷ ಸಾವಿರಾರು ಜನರನ್ನು ಆಸ್ಪತ್ರೆ ಮುಟ್ಟಿಸಿದ್ದರು. ನಾನೂ ಕಲಿತೆ. ರಸ್ತೆಯ ಮೇಲೆ ಅದು ಕೆಲಸಕ್ಕೆ ಬಂತು, ಕೈ ನಡುಗಲಿಲ್ಲ. ತೊಂದರೆ ಆಗಿದ್ದು ಮನೆಯಲ್ಲಿ. ಮಗಳು ಮೊಣಕಾಲು ತರಚಿಕೊಂಡು ಅಳುತ್ತ ಬಂದಾಗ ನಾನು ಗಾಯ ನೋಡಿ, 'ಏನೂ ಆಗಿಲ್ಲ, ಹೊಲಿಗೆ ಬೇಡ' ಎಂದು ಹೇಳಿ ಕಳಿಸಿದೆ. ಅವಳು ಬಂದಿದ್ದು ಹೊಲಿಗೆ ಹಾಕಿಸಿಕೊಳ್ಳುವುದಕ್ಕಲ್ಲ.

ಹೀಗಿರುವಾಗ ತರಬೇತಿಯ ಸುತ್ತೋಲೆ ಬಂತು: ತುರ್ತು ಸೇವೆಯವರಿಗೆ ಎಂಟು ವಾರದ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಮೈಮನಸ್ಸಿನಲ್ಲಿ ನಡೆಯುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸ. ಆಂಬ್ಯುಲೆನ್ಸ್‌ನವರು, ಅಗ್ನಿಶಾಮಕದವರು, ಒಂದಿಬ್ಬರು ಪೊಲೀಸರು, ಕರೆ ಬಂದರೆ ತಮ್ಮ ಕೆಲಸ ಬಿಟ್ಟು ಓಡಿಬರುವ ಸ್ವಯಂಸೇವಕರು, ಎಲ್ಲ ಸೇರಿ ಹದಿನಾಲ್ಕು ಜನ. ಮೊದಲ ದಿನ ಒಳಗೆ ಬಂದವರ ಮುಖಗಳಲ್ಲಿ ಒಂದೇ ಮಾತು ಇತ್ತು: ಈ ಹೊತ್ತಿನಲ್ಲಿ ಮಲಗಿದ್ದರೆ ಒಂದು ನಿದ್ದೆ ಆಗುತ್ತಿತ್ತು.

ಕಲಿಸಲು ಬಂದ ಮೇಡಂ ನಗರದಲ್ಲಿ ಕಚೇರಿ ಕೆಲಸದವರಿಗೆ ಕಲಿಸುತ್ತಿದ್ದವರು. ಇದರ ಹಿನ್ನೆಲೆ ಹೇಳಿದರು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬತ್-ಜಿನ್ ಎಂಬುವರು ಇದನ್ನು ಆರಂಭಿಸಿದರಂತೆ. ಆಣ್ವಿಕ ಜೀವಶಾಸ್ತ್ರ ಓದಿದವರು, ಜೊತೆಗೆ ಬೌದ್ಧ ಧ್ಯಾನ ಕಲಿತವರು. ಔಷಧದಿಂದ ನೋವು ಪೂರ್ತಿ ಹೋಗದ ರೋಗಿಗಳಿಗೆ, ನೋವಿನ ಜೊತೆ ಬದುಕುವುದಕ್ಕೆ ಅಂತ ಧರ್ಮದ ಉಡುಪು ಕಳಚಿ ಅದನ್ನು ಕಲಿಸತೊಡಗಿದರು. ಎಂಟು ವಾರ, ವಾರಕ್ಕೆ ಸುಮಾರು ಎರಡೂವರೆ ಗಂಟೆ, ನಡುವೆ ಒಂದು ಇಡೀ ದಿನ ಮೌನ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ. ಮುಕ್ಕಾಲು ಗಂಟೆ ಅಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರ ಅಂಗೈಗೆ ಒಂದೊಂದು ಒಣದ್ರಾಕ್ಷಿ ಇಟ್ಟರು. ಅದನ್ನು ನೋಡಬೇಕು, ಮೂಸಬೇಕು, ನಾಲಿಗೆಯ ಮೇಲಿಟ್ಟು ಗಮನಿಸಬೇಕು. ಮೇಡಂ ವಿವರಿಸಿ ಮುಗಿಸುವಷ್ಟರಲ್ಲಿ ನನ್ನ ಪಕ್ಕದ ಅಗ್ನಿಶಾಮಕದ ಹುಡುಗ ನುಂಗಿಯೇ ಬಿಟ್ಟಿದ್ದ. ಕೆಲಸದಲ್ಲಿ ತಿನ್ನುವುದೆಂದರೆ ಹಾಗೆ, ಮುಂದಿನ ಕರೆ ಬರುವುದರೊಳಗೆ.

ನಕ್ಕು ಮುಗಿಯಿತು ಅಂದುಕೊಳ್ಳುವಾಗ ಎಡವಟ್ಟಾಯಿತು. ಕಣ್ಣು ಮುಚ್ಚಿ ಅಂಗಾತ ಮಲಗಿ, ಪಾದದಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಗಮನಿಸಿ ಎಂದರು. ಏಳೆಂಟು ನಿಮಿಷ ಆಗಿರಬಹುದು. ಹಿರಿಯ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ದಡಕ್ಕನೆ ಎದ್ದು ಹೊರಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ ಗೋಡೆಗೆ ಕೈಯೂರಿ ನಿಂತಿದ್ದರು. 'ಕಣ್ಣು ಮುಚ್ಚಿದ್ರೆ ವಾಸನೆ ಬರುತ್ತಮ್ಮ' ಎಂದರು. ಯಾವ ವಾಸನೆ ಎಂದು ನಾನು ಕೇಳಲಿಲ್ಲ.

ಧ್ಯಾನ ಎಂದರೆ ಎಲ್ಲರಿಗೂ ಒಳ್ಳೆಯದೇ, ಮಾಡಿದರೆ ನಷ್ಟವೇನು ಎನ್ನುವವರು ಆ ಗೋಡೆಯ ಹತ್ತಿರ ನಿಂತಿರಬೇಕಿತ್ತು. ಭೀಕರವಾದದ್ದನ್ನು ಕಂಡ ದೇಹವನ್ನು ಕಣ್ಣು ಮುಚ್ಚಿಸಿ ಅದರೊಳಕ್ಕೇ ತಳ್ಳಿದರೆ, ಕೆಲವರಿಗೆ ಅದು ಬೆಂಕಿ ಹೊತ್ತಿದ ಮನೆಗೆ ಹಿಂತಿರುಗಿ ಕಳಿಸಿದ ಹಾಗೆ. ಸಂಶೋಧಕರೂ ಈಚಿನ ವರ್ಷಗಳಲ್ಲಿ ಧ್ಯಾನದ ಅಡ್ಡಪರಿಣಾಮಗಳನ್ನು ಗಂಭೀರವಾಗಿ ದಾಖಲಿಸುತ್ತಿದ್ದಾರೆ. ಮೇಡಂ ದೊಡ್ಡವರು. ಮುಂದಿನ ವಾರ ಬಂದು, 'ಹೋದ ವಾರ ನಾನು ತಪ್ಪು ಮಾಡಿದೆ' ಎಂದು ನೇರವಾಗಿ ಹೇಳಿದರು. ಅವತ್ತಿನಿಂದ ಕಣ್ಣು ತೆರೆದೇ ಅಭ್ಯಾಸ. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ, ಬೇಡ ಅನ್ನಿಸಿದರೆ ಎದ್ದು ನಡೆಯುವ ಸ್ವಾತಂತ್ರ್ಯ. ಉಸಿರು ಗಮನಿಸಿದರೆ ಎದೆ ಬಿಗಿಯುತ್ತದೆ ಅನ್ನುವವರು ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸಿದರೆ ಸಾಕು. ನನ್ನ ಮಟ್ಟಿಗೆ ತರಬೇತಿ ಶುರುವಾಗಿದ್ದು ಆ ಎರಡನೇ ವಾರದಲ್ಲಿ.

ಒಂದು ಮಾತಿನ ಜಗಳವೂ ನಡೆಯಿತು. ಮೇಡಂ ಮೈಂಡ್‌ಫುಲ್‌ನೆಸ್‌ಗೆ 'ಎಚ್ಚರ' ಎಂಬ ಪದ ಬಳಸುತ್ತಿದ್ದರು. ಪೊಲೀಸ್ ಪೇದೆಯೊಬ್ಬ ಕೈ ಎತ್ತಿ, 'ಮೇಡಂ, ಎಚ್ಚರ ನಮಗೆ ಜಾಸ್ತಿಯಾಗಿದೆ. ಕಮ್ಮಿ ಮಾಡೋದು ಹೇಳಿಕೊಡಿ' ಎಂದ. ಕೋಣೆಯಲ್ಲಿ ಎಲ್ಲರೂ ತಲೆ ಆಡಿಸಿದರು. ಮೈಯೆಲ್ಲ ಕಣ್ಣಾಗಿರುವುದು ಅಂತ ಹೇಳುತ್ತೇವಲ್ಲ, ಅದು ನಮ್ಮ ರೋಗ. ಮದುವೆ ಮನೆಗೆ ಹೋದರೆ ಮೊದಲು ಹೊರಬಾಗಿಲು ಎಲ್ಲಿದೆ ಅಂತ ನೋಡುತ್ತೇವೆ, ಫೋನ್ ಸದ್ದಾದರೆ ಚಪ್ಪಲಿ ಹುಡುಕುತ್ತೇವೆ. ಎಚ್ಚರ ಅನ್ನುವುದು ನಿದ್ದೆಗೆ ಎದುರು ಪದ, ನಮಗೆ ಬೇಕಾಗಿದ್ದೂ ನಿದ್ದೆಯೇ. ಕೊನೆಗೆ ನಾವು ಒಪ್ಪಿಕೊಂಡ ಪದ 'ಸಾವಧಾನ'. ಅವಧಾನ ಎಂದರೆ ಗಮನ, ಅದರ ಜೊತೆಗಿರುವುದು ಸಾವಧಾನ. ಆಡುಮಾತಿನಲ್ಲಿ ಅದಕ್ಕೆ ನಿಧಾನ ಎಂಬ ಅರ್ಥವೂ ಅಂಟಿಕೊಂಡಿದೆ. ಗಮನವೂ ನಿಧಾನವೂ ಒಂದೇ ಪದದಲ್ಲಿ ಇರುವಾಗ ಇಂಗ್ಲಿಷಿನ ಮೈಂಡ್‌ಫುಲ್‌ನೆಸ್ ಯಾಕೆ ಬೇಕು? ಆದರೆ ಸುತ್ತೋಲೆಗಳಲ್ಲಿ ಇವತ್ತಿಗೂ ಮೈಂಡ್‌ಫುಲ್‌ನೆಸ್ಸೇ.

ಮೈಂಡ್‌ಫುಲ್‌ನೆಸ್ ಎಂಬುದರ ಮೂಲ ಇನ್ನೂ ಹಿಂದಿನದು, ಹಳೆಯ ಬೌದ್ಧ ಗ್ರಂಥಗಳ ಪಾಲಿ ಭಾಷೆಯ 'ಸತಿ'. ನಮ್ಮ ಕಡೆಯವರು ಹೆಂಡತಿ ಅಂದುಕೊಂಡಾರು, ಅದು ಬೇರೆ. ಇದು ಸಂಸ್ಕೃತದ 'ಸ್ಮೃತಿ'ಯ ಪಾಲಿ ರೂಪ, ಅಂದರೆ ನೆನಪು. ಅದು ಗೊತ್ತಾದ ದಿನ ನನಗೆ ನಗು ಬಂತು. ಮರೆಯುವ ಉಪಾಯ ಸಿಕ್ಕೀತು ಅಂತ ಹದಿನಾಲ್ಕು ಜನ ಬಂದು ಕೂತಿದ್ದೇವೆ, ಕಲಿಸುತ್ತಿರುವುದು ನೆನಪಿಟ್ಟುಕೊಳ್ಳುವುದನ್ನು.

ಹಾಗಾದರೆ ಇದರಿಂದ ಏನಾಯಿತು? ದೊಡ್ಡದೇನೂ ಆಗಲಿಲ್ಲ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಟ್ಟಾಗ ಹೃದಯ ಬಡಿತ ತುಸು ಇಳಿಯುತ್ತದೆ. ವೇಗಸ್ ಎಂಬ ನರದ ಮೂಲಕ ನಡೆಯುವ ಕೆಲಸ ಅದು. ನಂಬಿಕೆ ಇರಲಿ ಬಿಡಲಿ, ದೇಹ ತಾನು ಮಾಡುವುದನ್ನು ಮಾಡುತ್ತದೆ. ಗಾಡಿ ನಿಂತು ಬಾಗಿಲು ತೆರೆಯುವ ಮೊದಲು ಹಾಗೆ ಒಂದು ಉಸಿರು ಬಿಡುವುದನ್ನು ರೂಢಿ ಮಾಡಿಕೊಂಡೆ. ಅಷ್ಟು ಹೊತ್ತಿನಲ್ಲಿ ಜೀವ ಹೋಗುವುದಿಲ್ಲ, ಬದಲಿಗೆ ಕಣ್ಣು ಅಗಲವಾಗುತ್ತದೆ. ಮೊದಲೆಲ್ಲ ರಕ್ತ ಕಂಡ ಕಡೆ ಓಡುತ್ತಿದ್ದವಳು ಈಗ ಸುಮ್ಮನೆ ಕೂತಿರುವವರನ್ನೂ ನೋಡುತ್ತೇನೆ. ಕೂಗುವವರಿಗೆ ಉಸಿರಾದರೂ ಇದೆ, ಸುಮ್ಮನಿರುವವರದ್ದೇ ಭಯ ಅಂತ ಕಲಿಸಿದ್ದು ಅನುಭವ, ಆದರೆ ಅದನ್ನು ಸಮಯಕ್ಕೆ ನೆನಪಿಸುತ್ತಿದ್ದದ್ದು ಆ ಒಂದು ಉಸಿರು.

ಇನ್ನೊಂದು, ಕೆಲಸ ಮುಗಿದ ಮೇಲಿನದು. ಸ್ಟ್ರೆಚರ್ ತೊಳೆಯುವಾಗ ತೊಳೆಯುವುದನ್ನು ಮಾತ್ರ ಮಾಡುವುದು. ನೀರು ತಣ್ಣಗಿದೆ, ಸೋಪಿನ ನೊರೆ ಕಂದು ಬಣ್ಣಕ್ಕೆ ತಿರುಗಿದೆ, ಈಗ ಬೆಳ್ಳಗಾಗಿದೆ. ಮೊದಲು ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ವಿಚಾರಣೆ ನಡೆಯುತ್ತಿತ್ತು, ಆರೋಪಿಯೂ ನಾನೇ, ನ್ಯಾಯಾಧೀಶಳೂ ನಾನೇ. ಈಗಲೂ ವಿಚಾರಣೆ ಶುರುವಾಗುತ್ತದೆ. ಶುರುವಾಯಿತು ಅಂತ ಗೊತ್ತಾಗುತ್ತದೆ, ಅಷ್ಟು ವ್ಯತ್ಯಾಸ. ಗೊತ್ತಾದ ಮೇಲೆ ಕೆಲವು ಸಲ ನಲ್ಲಿ ನಿಲ್ಲಿಸಿ ಎದ್ದು ಬರಬಹುದು.

ನನ್ನೊಬ್ಬಳ ಮಾತನ್ನು ನಂಬಬೇಕಿಲ್ಲ. ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೊ ಪೊಲೀಸರ ನಡುವೆ ಹುಟ್ಟಿದ ಇಂಥದೇ ತರಬೇತಿಯ ಮೇಲೆ 2016ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗುಂಪು ಚಿಕ್ಕದು, ಆದರೆ ಫಲಿತಾಂಶ ಒಳ್ಳೆಯ ದಿಕ್ಕಿನಲ್ಲಿತ್ತು. 2020ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ಅಮಿಶಿ ಝಾ ಅವರ ತಂಡ ಅಗ್ನಿಶಾಮಕರನ್ನು ಮೂರು ಗುಂಪು ಮಾಡಿತು: ಒಂದಕ್ಕೆ ಮೈಂಡ್‌ಫುಲ್‌ನೆಸ್, ಒಂದಕ್ಕೆ ಬರೀ ಮೈ ಸಡಿಲಿಸುವ ವ್ಯಾಯಾಮ, ಒಂದಕ್ಕೆ ಏನೂ ಇಲ್ಲ. ಚೇತರಿಕೆಯ ಅಳತೆಯಲ್ಲಿ ಮೊದಲ ಗುಂಪು ಉಳಿದೆರಡಕ್ಕಿಂತ ಮುಂದೆ ಹೋಯಿತು. ಮೈ ಸಡಿಲಿಸುವುದೂ ಸಾವಧಾನವೂ ಒಂದೇ ಅಲ್ಲ ಅನ್ನುವುದು ನನಗೆ ಅದರಲ್ಲಿ ಮುಖ್ಯ ಅನ್ನಿಸಿತು. ಹಾಗಂತ ಇದು ರಾಮಬಾಣ ಅಂದುಕೊಳ್ಳುವಂತಿಲ್ಲ, ಈ ಕ್ಷೇತ್ರದಲ್ಲಿ ಒಮ್ಮೆ ಹಾಗೆ ಅಂದುಕೊಂಡು ಕೈಸುಟ್ಟುಕೊಂಡಿದ್ದೇವೆ. 1983ರಲ್ಲಿ ಜೆಫ್ರಿ ಮಿಚೆಲ್ ಎಂಬುವರು, ತಾವೂ ಅಗ್ನಿಶಾಮಕ ಮತ್ತು ತುರ್ತು ವೈದ್ಯಕೀಯ ಸೇವೆಯಲ್ಲಿದ್ದವರು, ದುರ್ಘಟನೆಯಾದ ಕೆಲವೇ ದಿನಗಳೊಳಗೆ ಎಲ್ಲರನ್ನೂ ಕೂರಿಸಿ ನಡೆದದ್ದನ್ನು ಹೇಳಿಸುವ ಒಂದು ಕ್ರಮ ರೂಪಿಸಿದರು. ಎಲ್ಲೆಡೆ ಅದು ಹಬ್ಬಿತು, ಕೆಲವು ಕಡೆ ಕಡ್ಡಾಯವೂ ಆಯಿತು. ಆಮೇಲೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2002ರ ವಿಮರ್ಶೆ, ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಪಿಟಿಎಸ್‌ಡಿ (ಭೀಕರ ಘಟನೆಯ ನಂತರ ಕಾಡುವ ಮಾನಸಿಕ ಕಾಯಿಲೆ) ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದಿತು. ಅದು ನೋಡಿದ್ದು ಹೆಚ್ಚಾಗಿ ಆಘಾತಕ್ಕೊಳಗಾದ ಒಬ್ಬೊಬ್ಬರನ್ನು, ನಮ್ಮಂಥ ತಂಡಗಳನ್ನಲ್ಲ, ನಿಜ. ಆದರೂ ಪಾಠ ಇದೆ. ಹೇಳು ಎಂದು ಯಾರನ್ನೂ ಹಿಂಡಬಾರದು. ಸಾವಧಾನದ ತರಬೇತಿಯಲ್ಲಿ ನನಗೆ ಹಿಡಿಸಿದ್ದೇ ಇದು: ಎಂಟು ವಾರದಲ್ಲಿ ಒಬ್ಬರೂ ನನ್ನನ್ನು ಆ ತಿರುವಿನ ಬಗ್ಗೆ ಕೇಳಲಿಲ್ಲ.

ಹಳ್ಳಿಗಾಡಿನಲ್ಲಿ ಇದಕ್ಕೆ ಇನ್ನೊಂದು ಲಾಭ ಇದೆ. ಮನೋವೈದ್ಯರ ಬಾಗಿಲಲ್ಲಿ ನನ್ನ ಸ್ಕೂಟರ್ ನಿಂತರೆ ಸಂಜೆಯೊಳಗೆ ಊರಿಗೇ ಗೊತ್ತು. 'ಪಾಪ, ಅವಳಿಗೇ ಹೀಗಾದ್ರೆ ನಮ್ಮ ಪ್ರಾಣ ಯಾರು ಉಳಿಸ್ತಾರೆ' ಅನ್ನುತ್ತಾರೆ. ವ್ಯಂಗ್ಯ ಅಲ್ಲ, ನಿಜವಾದ ದಿಗಿಲು. ಅದೇ 'ತರಬೇತಿಗೆ ಹೋಗಿದ್ದೆ' ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹಗ್ಗ ಕಟ್ಟುವ ತರಬೇತಿ, ಪೈಪ್ ಹಿಡಿಯುವ ತರಬೇತಿ, ಹಾಗೇ ಇದೂ ಒಂದು. ಚಿಕಿತ್ಸೆ ಬೇಕಾದವರಿಗೆ ಇದು ಚಿಕಿತ್ಸೆಯಲ್ಲ, ಆ ಮಾತು ಸ್ಪಷ್ಟವಾಗಿರಬೇಕು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲೇ ಪಿಟಿಎಸ್‌ಡಿಯನ್ನು ಮಾನಸಿಕ ಕಾಯಿಲೆಗಳ ತನ್ನ ಕೈಪಿಡಿಗೆ ಸೇರಿಸಿತ್ತು. 2013ರ ಐದನೇ ಆವೃತ್ತಿಯಲ್ಲಿ, ಕೆಲಸದ ಭಾಗವಾಗಿ ಭೀಕರ ವಿವರಗಳನ್ನು ಮತ್ತೆಮತ್ತೆ ಎದುರಿಸುವವರಿಗೂ ಇದು ಬರಬಹುದು ಎಂದು ಬಿಡಿಸಿ ಬರೆಯಿತು. ದುರಂತದ ಸ್ಥಳದಲ್ಲಿ ದೇಹದ ಅವಶೇಷಗಳನ್ನು ಆಯುವವರು ಎಂಬ ಉದಾಹರಣೆಯೂ ಅಲ್ಲಿದೆ. ಗೋಡೆಗೆ ಕೈಯೂರಿ ನಿಂತಿದ್ದ ಆ ಹಿರಿಯರು ಕೊನೆಗೆ ವೈದ್ಯರ ಹತ್ತಿರ ಹೋದರು. ದೂರದ ಊರಿನ ವೈದ್ಯರು, ಬಸ್ಸಿನಲ್ಲಿ ಹೋಗಿ ಬಂದರು. ತರಬೇತಿ ಅವರನ್ನು ಗುಣಪಡಿಸಲಿಲ್ಲ, ಬಸ್ಸು ಹತ್ತಿಸಿತು.

ಈಗ ನನ್ನ ಸಿಟ್ಟಿನ ವಿಷಯ. ಐದನೇ ವಾರ ಮೇಲಿನವರೊಬ್ಬರು ಬಂದು ಭಾಷಣ ಮಾಡಿ, 'ಈ ತರಬೇತಿಯಿಂದ ನೀವೆಲ್ಲ ಎಂಥ ಒತ್ತಡವನ್ನೂ ತಾಳಿಕೊಳ್ಳುವಂತಾಗುತ್ತೀರಿ' ಎಂದರು. ಅದೇ ತಿಂಗಳು ನಮ್ಮ ರಾತ್ರಿ ಪಾಳಿಯ ಎರಡನೇ ಗಾಡಿ ನಿಂತುಹೋಗಿತ್ತು. ಗಾಢ ನಿದ್ದೆಯಿಂದ ಎಬ್ಬಿಸಿದ ಮನುಷ್ಯನ ಬುದ್ಧಿ ಪೂರ್ತಿ ಚುರುಕಾಗಲು ಅರ್ಧ ಗಂಟೆಯವರೆಗೂ ಬೇಕಾಗಬಹುದು. ನಾವು ಎರಡು ನಿಮಿಷದಲ್ಲಿ ರಸ್ತೆಗೆ ಇಳಿಯುತ್ತೇವೆ, ಅದೂ ಒಂದೇ ರಾತ್ರಿ ಮೂರು ಸಲ. ಇದಕ್ಕೆ ಮದ್ದು ಉಸಿರಲ್ಲ, ಇನ್ನೊಂದು ಗಾಡಿ ಮತ್ತು ಇನ್ನಿಬ್ಬರು ಜನ. ತಾಳಿಕೊಳ್ಳುವುದು ಬೇರೆ, ಚೇತರಿಸಿಕೊಳ್ಳುವುದು ಬೇರೆ. ತಾಳಿಕೊಳ್ಳುವುದಕ್ಕೆ ಕಲ್ಲಾದರೆ ಸಾಕು, ಅದನ್ನು ಡ್ರೈವರ್ ಅಣ್ಣ ಬಿಟ್ಟಿಯಾಗಿ ಕಲಿಸಿದ್ದರು. ಚೇತರಿಸಿಕೊಳ್ಳಲು ಹೊತ್ತು ಬೇಕು, ಆ ಹೊತ್ತನ್ನು ಯಾರಾದರೂ ಕೊಡಬೇಕು. ಮಜಾ ಏನೆಂದರೆ, ಮೊದಲಾಗಿದ್ದರೆ ಆ ಭಾಷಣ ಕೇಳಿಸಿಕೊಂಡು ಸುಮ್ಮನೆ ಎದ್ದು ಹೋಗುತ್ತಿದ್ದೆ. ಅವತ್ತು ದವಡೆ ಬಿಗಿಯುತ್ತಿರುವುದು ಗೊತ್ತಾಯಿತು, ಎದ್ದು ನಿಂತು ಎರಡನೇ ಗಾಡಿ ಯಾವಾಗ ಬರುತ್ತದೆ ಎಂದು ಕೇಳಿದೆ. ಉತ್ತರ ಸಿಗಲಿಲ್ಲ. ಹದಿನಾಲ್ಕು ಜನರ ಸಹಿಯಿರುವ ಅರ್ಜಿ ಮಾತ್ರ ಹುಟ್ಟಿತು.

ಆರನೇ ವಾರದ ಕೊನೆಗೆ ಇಡೀ ದಿನದ ಮೌನ ಇತ್ತು. ಫೋನ್ ಆಫ್ ಮಾಡಿ ಅಂತ ಮೇಡಂ ಹೇಳಲಿಲ್ಲ, ಹೇಳಿದ್ದರೂ ಯಾರೂ ಮಾಡುತ್ತಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಟ್ಟಿಗೇ ನಾಲ್ಕು ಫೋನ್ ಬಡಿದುಕೊಂಡವು. ಬಾವಿಗೆ ಯಾರೋ ಬಿದ್ದಿದ್ದರು. ನಾಲ್ವರು ಎದ್ದು ಹೋದರು, ಒಣದ್ರಾಕ್ಷಿ ನುಂಗಿದ್ದ ಹುಡುಗನೂ ಅವರಲ್ಲೊಬ್ಬ. ನಾವು ಹತ್ತು ಜನ ಖಾಲಿ ಕುರ್ಚಿಗಳ ನಡುವೆ ಕೂತೆವು. ನನ್ನ ಕಾಲು ಬಾಗಿಲ ಕಡೆಗೆ ತಾನಾಗಿ ತಿರುಗಿಕೊಂಡಿತ್ತು. ಅದನ್ನು ನೋಡುತ್ತ ಕೂತೆ, ಬೇರೆ ಮಾಡುವುದಕ್ಕೆ ಏನಿತ್ತು.

ಸಂಜೆ ನಾಲ್ಕಕ್ಕೆ ಆ ಹುಡುಗ ಹಿಂತಿರುಗಿ ಬಂದ. ಪ್ಯಾಂಟು ಮೊಣಕಾಲವರೆಗೆ ಕೆಸರು. ಬಾವಿಗೆ ಬಿದ್ದವರು ಬದುಕಿದರೋ ಇಲ್ಲವೋ ಅವನು ಹೇಳಲಿಲ್ಲ, ಮೌನದ ದಿನವಾದ್ದರಿಂದ ನಾವೂ ಕೇಳಲಿಲ್ಲ. ತನ್ನ ಕುರ್ಚಿಯಲ್ಲಿ ಕೂತು ಬಹಳ ಹೊತ್ತಾದ ಮೇಲೆ ನನ್ನ ಕಡೆ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ.

'ಅಕ್ಕ, ಇವತ್ತು ಹಗ್ಗ ಹಿಡಿದಾಗ ಕೈ ನಡುಗ್ತು.'

'ಮುಂಚೆ ನಡುಗ್ತಿರಲಿಲ್ವಾ?'

ಅವನು ಕೈಗಳನ್ನು ತಿರುಗಿಸಿ ನೋಡಿಕೊಂಡ.

'ನಡುಗ್ತಿತ್ತೇನೋ' ಎಂದ.